ಮಿದುಳಿನ ನೀರುಗುಳ್ಳೆ: ಚಿಕಿತ್ಸೆಗೆ ಕಾಯುವ ದಿನಗಳಲ್ಲಿ ದಂಪತಿಗಳು ಅರಿತಿರಬೇಕಾದ ವಿಷಯಗಳು

ತಲೆಯ ಸ್ಕ್ಯಾನ್ ತೆಗೆಸಿದ ಬಳಿಕ ಕೈಗೆ ಬರುವ ವರದಿಯಲ್ಲಿ ‘ಸಿಸ್ಟ್’ ಎಂಬ ಒಂದು ಪದವಿರುತ್ತದೆ. ಅದನ್ನು ಓದಿ ಹೇಳುವವರು ಔಷಧಿ ಅಂಗಡಿಯವರೋ, ನೆರೆಮನೆಯ ಕಾಲೇಜು ಹುಡುಗನೋ ಆಗಿರುವುದು ಸಾಮಾನ್ಯ. ‘ಮಿದುಳಿನಲ್ಲಿ ಗಡ್ಡೆಯಂತೆ’ ಎಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡುತ್ತದೆ. ಆಸ್ಪತ್ರೆಯಲ್ಲಾದರೋ ‘ಈ ಮಾತ್ರೆಗಳನ್ನು ತಪ್ಪದೆ ನುಂಗಿ, ಮೂರು ತಿಂಗಳ ನಂತರ ಬನ್ನಿ’ ಎಂದು ಹೇಳಿ ಕಳುಹಿಸಿರುತ್ತಾರೆ. ಆ ಮೂರು ತಿಂಗಳನ್ನು ಗಂಡಹೆಂಡಿರು ಹೇಗೆ ಕಳೆಯಬೇಕೆಂಬುದೇ ಈ ಪಾಠದ ವಿಷಯ. ಕಾಯುವ ಕಾಲವೂ ಚಿಕಿತ್ಸೆಯ ಕಾಲವೇ. ಆ ದಿನಗಳಲ್ಲಿ ಮನೆಯಲ್ಲಿ ನೀವಿಬ್ಬರೂ ನಡೆದುಕೊಳ್ಳುವ ರೀತಿಯು ಮುಂದಿನ ಗುಣವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಮಾರತ್ತಹಳ್ಳಿ ಒಂದು ಕಾಲಕ್ಕೆ ವರ್ತೂರು ರಸ್ತೆಯ ಬದಿಯ ಹಳ್ಳಿ. ಇಂದು ಹೊರವರ್ತುಲ ರಸ್ತೆಯ ಗದ್ದಲದಲ್ಲಿ ಅದು ನಗರದೊಳಗೆ ಸೇರಿಹೋಗಿದೆ. ಆದರೂ ವರ್ತೂರು, ಗುಂಜೂರು, ಚಿಕ್ಕತಿರುಪತಿ ಕಡೆಯ ಹಳ್ಳಿಗಳಿಂದ ದೊಡ್ಡಾಸ್ಪತ್ರೆಗೆ ಹೊರಟವರು ಇದನ್ನು ಹಾದೇ ಹೋಗುತ್ತಾರೆ. ತಲೆಯ ಕಾಯಿಲೆಯೆಂದೊಡನೆ ಅವರ ಪ್ರಯಾಣ ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯ ಕಡೆಗೆ. ಹಿಂದಿನ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ಈ ಸಂಸ್ಥೆಯಾಯಿತು. ಹಳೆಯ ಹೆಸರಿನ ನೆನಪು ಉಳಿದಿರುವುದರಿಂದ ‘ಅಲ್ಲಿಗೆ ಹೋದರೆ ಜನ ಹುಚ್ಚು ಎಂದಾರು’ ಎಂದು ಹಿಂಜರಿಯುವವರು ಈಗಲೂ ಇದ್ದಾರೆ. ಅಲ್ಲಿ ನರರೋಗಗಳಿಗೂ ಮಿದುಳಿನ ಶಸ್ತ್ರಚಿಕಿತ್ಸೆಗೂ ಪ್ರತ್ಯೇಕ ವಿಭಾಗಗಳಿವೆ. ಮಾನಸಿಕ ಕಾಯಿಲೆಯೂ ನಾಚಿಕೆಪಡತಕ್ಕ ಕಾಯಿಲೆಯಲ್ಲವೆಂಬುದು ಬೇರೆ ಮಾತು. ಹೆಸರಿಗೆ ಹೆದರಿ ಒಂದು ವರ್ಷ ತಡಮಾಡಿ ಬರುವುದಕ್ಕಿಂತ ದೊಡ್ಡ ನಷ್ಟವಿಲ್ಲ.

ಗುಳ್ಳೆಗಳೆಲ್ಲ ಒಂದೇ ಅಲ್ಲ

ಸಿಸ್ಟ್ ಎಂದರೆ ದ್ರವ ತುಂಬಿದ ಒಂದು ಚೀಲ, ನೀರುಗುಳ್ಳೆ. ಅದು ಕ್ಯಾನ್ಸರ್ ಎಂಬ ಅರ್ಥ ಆ ಪದದಲ್ಲಿಲ್ಲ. ಆದುದರಿಂದ ನೀವು ವೈದ್ಯರನ್ನು ಕೇಳಬೇಕಾದ ಮೊದಲನೆಯ ಪ್ರಶ್ನೆ ‘ಬದುಕುತ್ತಾರೆಯೇ?’ ಎಂಬುದಲ್ಲ. ‘ಇದು ಯಾವ ಜಾತಿಯ ಗುಳ್ಳೆ?’ ಎಂಬುದು. ಉತ್ತರವನ್ನು ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆಸಿಕೊಳ್ಳಿ. ಬರೆದುಕೊಡಿರೆಂದು ಕೇಳುವುದು ಅಗೌರವವಲ್ಲ.

ಕೆಲವರಿಗೆ ಹುಟ್ಟುವಾಗಲೇ ಮಿದುಳಿನ ಮೇಲ್ಪೊರೆಗಳ ನಡುವೆ ನೀರು ನಿಂತ ಒಂದು ಗುಳ್ಳೆ ಇರುತ್ತದೆ. ಅದಕ್ಕೆ ಅರಕ್ನಾಯ್ಡ್ ಸಿಸ್ಟ್ ಎಂದು ಹೆಸರು. ಇವುಗಳಲ್ಲಿ ಹೆಚ್ಚಿನವು ಜೀವಮಾನವಿಡೀ ಯಾವ ತೊಂದರೆಯನ್ನೂ ಕೊಡದೆ ಸುಮ್ಮನಿರುತ್ತವೆ. ಬೈಸಿಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತೆಂದು ಸ್ಕ್ಯಾನ್ ಮಾಡಿಸಿದಾಗ ಆಕಸ್ಮಿಕವಾಗಿ ಕಣ್ಣಿಗೆ ಬೀಳುತ್ತವೆ. ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಗೆ ಸಿ.ಟಿ. ಸ್ಕ್ಯಾನ್ ಮಾಡಿದ್ದು 1971ರಲ್ಲಿ. ಅದಕ್ಕೂ ಮೊದಲು ಇಂಥ ಗುಳ್ಳೆಯನ್ನು ತಲೆಯಲ್ಲಿಟ್ಟುಕೊಂಡೇ ಉತ್ತು ಬಿತ್ತು, ಮೊಮ್ಮಕ್ಕಳನ್ನು ಆಡಿಸಿ, ಮುಪ್ಪಿನಲ್ಲಿ ಕಣ್ಮುಚ್ಚಿದವರು ಎಷ್ಟೋ ಮಂದಿ. ಯಂತ್ರಕ್ಕೆ ಕಂಡದ್ದೆಲ್ಲವೂ ರೋಗವೆಂದು ತಿಳಿಯಬಾರದು.

ಇನ್ನೊಂದು ಬಗೆ ಮಿದುಳಿನ ನಡುವಣ ನೀರಿನ ದಾರಿಯಲ್ಲಿ ಬೆಳೆಯುವ ಕೊಲಾಯ್ಡ್ ಸಿಸ್ಟ್. ಇದು ಅಪರೂಪ. ಗಾತ್ರದಲ್ಲಿ ಸಣ್ಣದಾದರೂ ದಾರಿಗೆ ಅಡ್ಡವಾದರೆ ನೀರು ಕಟ್ಟಿಕೊಂಡು ಒಮ್ಮೆಲೇ ಅಪಾಯವಾಗಬಹುದು. ಇದೆಯೆಂದು ಹೇಳಿದವರಿಗೆ ಮುಂದೆ ತಿಳಿಸುವ ಅಪಾಯದ ಲಕ್ಷಣಗಳು ಬಾಯಿಪಾಠವಾಗಿರಬೇಕು. ನಾಯಿ ಮತ್ತು ಕುರಿಗಳ ಮೂಲಕ ಹರಡುವ ಹೈಡಾಟಿಡ್ ಗುಳ್ಳೆಯೂ ಮಿದುಳಿನಲ್ಲಿ ಅಪರೂಪಕ್ಕೆ ಕಾಣುವುದುಂಟು. ಅದನ್ನು ಒಡೆಯದಂತೆ ಇಡಿಯಾಗಿ ಹೊರತೆಗೆಯಬೇಕಾಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣಬರುವುದು ಲಾಡಿಹುಳುವಿನ ಮರಿಯಿಂದಾಗುವ ಗುಳ್ಳೆ. ಇದರ ಬಗ್ಗೆ ತಪ್ಪು ತಿಳಿವಳಿಕೆಯೂ ಹೆಚ್ಚು. ಸರಿಯಾಗಿ ಬೇಯದ ಹಂದಿಮಾಂಸವನ್ನು ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಆ ವ್ಯಕ್ತಿಯ ಮಲದಲ್ಲಿ ಅದರ ಮೊಟ್ಟೆಗಳು ಹೊರಬೀಳುತ್ತವೆ. ಕೈ ತೊಳೆಯದೆ ಅಡುಗೆ ಮಾಡಿದಾಗ, ಬಯಲಿನ ಮಲ ಕೆರೆಕಾಲುವೆಗಳಿಗೆ ಸೇರಿದಾಗ, ಆ ನೀರಿನಲ್ಲಿ ಬೆಳೆದ ಸೊಪ್ಪನ್ನು ಹಸಿಯಾಗಿ ತಿಂದಾಗ ಆ ಮೊಟ್ಟೆಗಳು ಬೇರೊಬ್ಬರ ಹೊಟ್ಟೆಯನ್ನು ಸೇರುತ್ತವೆ. ಅಲ್ಲಿಂದ ರಕ್ತದ ಮೂಲಕ ಮಿದುಳಿಗೆ ಹೋಗಿ ಗುಳ್ಳೆಯಾಗುತ್ತವೆ. ಆದುದರಿಂದ ಹಂದಿಮಾಂಸವನ್ನು ಮುಟ್ಟದವರಿಗೂ, ಹುಟ್ಟಿನಿಂದ ಸಸ್ಯಾಹಾರಿಗಳಾದವರಿಗೂ ಈ ಕಾಯಿಲೆ ಬರುತ್ತದೆ. ‘ನೀನು ಎಲ್ಲೋ ತಿನ್ನಬಾರದ್ದನ್ನು ತಿಂದಿದ್ದೀಯೆ’ ಎಂದು ಸೊಸೆಯನ್ನೋ ಗಂಡನನ್ನೋ ದೂರುವುದು ಅಜ್ಞಾನ. ಬೆಂಗಳೂರಿನ ಕೊಳಚೆ ಬೆಳ್ಳಂದೂರು ಕೆರೆಗೆ ಇಳಿದು, ಅಲ್ಲಿಂದ ವರ್ತೂರು ಕೆರೆಗೆ ಹರಿದದ್ದನ್ನು ಈ ಭಾಗದವರೆಲ್ಲ ಕಂಡಿದ್ದಾರೆ. ಇಂಥ ನೀರಿನಿಂದ ಬೆಳೆದ ಸೊಪ್ಪು ಯಾರ ಮನೆಯ ತಟ್ಟೆಗೆ ಬರುತ್ತದೆಂದು ಹೇಳುವವರಾರು?

ಹೋದ ವಾರ ಯಾವ ಹೋಟೆಲಿನಲ್ಲಿ ಊಟ ಮಾಡಿದೆವೆಂದು ಹುಡುಕುವುದರಿಂದಲೂ ಪ್ರಯೋಜನವಿಲ್ಲ. ಹಿಂದೆ ಭಾರತದ ದಂಡುಗಳಲ್ಲಿ ಸೇವೆ ಸಲ್ಲಿಸಿ ಸ್ವದೇಶಕ್ಕೆ ಮರಳಿದ ಬ್ರಿಟಿಷ್ ಸೈನಿಕರಲ್ಲಿ ಅನೇಕರಿಗೆ ಎಷ್ಟೋ ವರ್ಷಗಳ ನಂತರ ಸೆಳವು ಕಾಣಿಸಿಕೊಂಡಿತು. ಅಲ್ಲಿನ ವೈದ್ಯರು ಈ ಕಾಯಿಲೆಯ 450 ರೋಗಿಗಳನ್ನು ದೀರ್ಘಕಾಲ ಗಮನಿಸಿ 1961ರಲ್ಲಿ ವಿವರವನ್ನು ಪ್ರಕಟಿಸಿದರು. ಮೊಟ್ಟೆ ಹೊಟ್ಟೆಗೆ ಸೇರಿದ ದಿನಕ್ಕೂ ಮೊದಲ ಸೆಳವಿಗೂ ನಡುವೆ ವರ್ಷಗಳೇ ಕಳೆಯಬಹುದೆಂದು ಅದರಿಂದ ತಿಳಿದುಬಂದಿತು. ಮರಿ ಜೀವಂತವಾಗಿರುವವರೆಗೆ ಮಿದುಳು ಅದನ್ನು ಸಹಿಸಿಕೊಂಡಿರುತ್ತದೆ. ಅದು ಸಾಯತೊಡಗಿದಾಗ ಸುತ್ತಲೂ ಬಾವು ಬಂದು ಸೆಳವು ಉಂಟಾಗುತ್ತದೆ.

ಕಾಯಿಸುವುದೇಕೆ?

‘ರೋಗ ಗೊತ್ತಾದ ಮೇಲೂ ಮನೆಗೆ ಕಳುಹಿಸಿದರು, ಬಡವರೆಂದು ಅಸಡ್ಡೆ ಮಾಡಿದರು’ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಸರದಿ ಉದ್ದವಾಗಿರುವುದು ನಿಜ. ಆದರೆ ಅನೇಕ ಸಂದರ್ಭಗಳಲ್ಲಿ ಕಾಯುವುದು ವೈದ್ಯರ ಉದ್ದೇಶಪೂರ್ವಕ ತೀರ್ಮಾನ. ಹುಳುವಿನ ಒಂಟಿ ಗುಳ್ಳೆ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಕುಗ್ಗಿ ಮಾಯವಾಗುವುದುಂಟು. ಕ್ಷಯರೋಗದಿಂದಾಗುವ ಗಂಟು ಕೂಡ ಸ್ಕ್ಯಾನಿನಲ್ಲಿ ಇದರಂತೆಯೇ ಕಾಣಬಹುದು. ಮರಳಿ ತೆಗೆದ ಚಿತ್ರವನ್ನು ಹಳೆಯದರೊಂದಿಗೆ ಹೋಲಿಸಿದಾಗಲೇ ಎಷ್ಟೋ ಸಲ ನಿರ್ಧಾರಕ್ಕೆ ಬರಲು ಸಾಧ್ಯ. ಸುಮ್ಮನಿರುವ ಹುಟ್ಟುಗುಳ್ಳೆಗೆ ಶಸ್ತ್ರಚಿಕಿತ್ಸೆ ಮಾಡುವುದರಿಂದ ಗುಣಕ್ಕಿಂತ ಅಪಾಯವೇ ಹೆಚ್ಚಾಗಬಹುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಹುಳುವೇ ಕಾರಣವೆಂದು ತಿಳಿದೊಡನೆ ಅಂಗಡಿಯಿಂದ ಅಲ್ಬೆಂಡಜೋಲ್ ಮಾತ್ರೆಗಳನ್ನು ತಂದು ನುಂಗಕೂಡದು. ಮಿದುಳಿನ ಮರಿಗಳು ಒಟ್ಟಿಗೆ ಸತ್ತರೆ ಬಾವು ಏರಿ ಪ್ರಾಣಕ್ಕೆ ಸಂಚಕಾರವಾದೀತು. ಕಣ್ಣಿನೊಳಗೆ ಗುಳ್ಳೆಯಿದ್ದರೆ ದೃಷ್ಟಿಯೇ ಹೋದೀತು. ಆದುದರಿಂದ ವೈದ್ಯರು ಮೊದಲು ಕಣ್ಣನ್ನು ಪರೀಕ್ಷಿಸಿ, ಬಾವನ್ನು ತಡೆಯುವ ಸ್ಟೆರಾಯ್ಡ್ ಔಷಧಿಯ ಜೊತೆಯಲ್ಲಿ, ದೇಹದ ತೂಕಕ್ಕೆ ತಕ್ಕಂತೆ ಇದನ್ನು ಕೊಡುತ್ತಾರೆ. ಸ್ಟೆರಾಯ್ಡನ್ನು ಆರಂಭಿಸಿದ ಮೇಲೆ ಥಟ್ಟನೆ ನಿಲ್ಲಿಸಕೂಡದು. ಸಕ್ಕರೆ ಕಾಯಿಲೆಯಾಗಲಿ ಕ್ಷಯವಾಗಲಿ ಇದ್ದರೆ ಮುಂಚೆಯೇ ತಿಳಿಸಬೇಕು. ಮನೆಯ ಉಳಿದವರಲ್ಲಿ ಯಾರ ಕರುಳಿನಲ್ಲಾದರೂ ಲಾಡಿಹುಳುವಿದೆಯೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿಕೊಳ್ಳುವುದು ಇದೇ ಅವಧಿಯಲ್ಲಿ ಮಾಡಬಹುದಾದ ಒಳ್ಳೆಯ ಕೆಲಸ.

ಮಾತ್ರೆಯ ಶಿಸ್ತು, ಮನೆಯ ಎಚ್ಚರ

ಸೆಳವು ಬಂದವರಿಗೆ ಕೊಟ್ಟಿರುವ ಮಾತ್ರೆ ಗುಳ್ಳೆಯನ್ನು ಕರಗಿಸುವುದಿಲ್ಲ, ಸೆಳವನ್ನು ತಡೆಯುತ್ತದೆ. ಈ ವ್ಯತ್ಯಾಸವನ್ನು ಅರಿಯದೆ ‘ಹದಿನೈದು ದಿನದಿಂದ ಏನೂ ಆಗಿಲ್ಲ, ಮಾತ್ರೆ ಸಾಕು’ ಎಂದು ಬಿಡುವವರು ಬಹಳ. ಏನೂ ಆಗದಿರುವುದು ಮಾತ್ರೆಯ ಫಲ. ಹಠಾತ್ತನೆ ಬಿಟ್ಟರೆ ಸೆಳವು ಒಂದರ ಹಿಂದೊಂದು ಬರುವ ಸಂಭವವುಂಟು.

ಹಳ್ಳಿಯ ಬಡವರಿಗೆ ಇದು ಆಗದ ಮಾತಲ್ಲ. ಚಾಮರಾಜನಗರ ಜಿಲ್ಲೆಯ ಯಳಂದೂರು ಪ್ರದೇಶದ ಹಳ್ಳಿಗಳಲ್ಲಿ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ಮೂರ್ಛೆರೋಗಿಗಳಿಗೆ ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಅಗ್ಗದ ಹಳೆಯ ಮಾತ್ರೆಗಳನ್ನೇ ಕೊಟ್ಟು ವರ್ಷಗಳ ಕಾಲ ನೋಡಿಕೊಂಡರು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸೆಳವು ಹತೋಟಿಗೆ ಬಂದಿತು. ಈ ಕೆಲಸದ ವರದಿ 2001ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಗಿ ಹೊರನಾಡಿನವರಿಗೂ ಮಾದರಿಯಾಯಿತು. ನಿಮ್ಹಾನ್ಸ್ ತಜ್ಞರು ಬೆಂಗಳೂರಿನಲ್ಲೂ ಸುತ್ತಣ ಹಳ್ಳಿಗಳಲ್ಲೂ ಒಂದು ಲಕ್ಷಕ್ಕೂ ಮಿಕ್ಕಿದ ಜನರನ್ನು ವಿಚಾರಿಸಿದಾಗ ಸಾವಿರಕ್ಕೆ ಸುಮಾರು 9 ಮಂದಿಗೆ ಮೂರ್ಛೆರೋಗವಿದ್ದುದು ಕಂಡುಬಂದಿತು. ನಗರಕ್ಕಿಂತ ಹಳ್ಳಿಯಲ್ಲಿ ಅದರ ಪ್ರಮಾಣ ಎರಡರಷ್ಟು. ನಿಮ್ಮ ಮನೆಗೆ ಮಾತ್ರ ಬಂದ ಶಾಪವಿದಲ್ಲ.

ಮಾತ್ರೆಯ ಹೊಣೆಯನ್ನು ರೋಗಿಯ ತಲೆಗೇ ಕಟ್ಟದೆ ಜೊತೆಗಾರರೂ ಹಂಚಿಕೊಳ್ಳಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ನುಂಗಿದ ಹೊತ್ತಿಗೊಂದು ಗೆರೆ, ಸೆಳವು ಬಂದ ದಿನಕ್ಕೊಂದು ಸುತ್ತು ಹಾಕಿರಿ. ವೈದ್ಯರಿಗೆ ನಿಮ್ಮ ಹತ್ತು ಮಾತಿಗಿಂತ ಈ ಕ್ಯಾಲೆಂಡರೇ ಹೆಚ್ಚು ಹೇಳುತ್ತದೆ. ಮಾತ್ರೆ ಮುಗಿಯುವುದಕ್ಕೆ ಒಂದು ವಾರ ಮುಂಚೆಯೇ ಮತ್ತೆ ತರಬೇಕು. ನಿದ್ದೆಗೆಡುವುದು, ಉಪವಾಸ, ಮದ್ಯಪಾನ, ಇವು ಮೂರೂ ಸೆಳವನ್ನು ಕರೆತರುತ್ತವೆ. ಜಾತ್ರೆಯ ರಾತ್ರಿ ಜಾಗರಣೆಯನ್ನು ಈ ಒಂದು ವರ್ಷ ದೇವರು ಮನ್ನಿಸುವನೆಂದೇ ನಂಬಿರಿ.

ಸೆಳವಿದ್ದವರು ಬೆಂಕಿ, ನೀರು, ಎತ್ತರ, ಯಂತ್ರ ಇವುಗಳಿಂದ ದೂರವಿರತಕ್ಕದ್ದು. ಒಬ್ಬರೇ ಕೆರೆಬಾವಿಗಳಿಗೆ ಇಳಿಯುವುದು, ತೆಂಗಿನ ಮರ ಹತ್ತುವುದು, ಮೋಟಾರ್ ಸೈಕಲ್ಲು ಅಥವಾ ಟ್ರ್ಯಾಕ್ಟರ್ ಓಡಿಸುವುದು ವೈದ್ಯರು ಅಪ್ಪಣೆ ಕೊಡುವವರೆಗೆ ಬೇಡ. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕುವುದೂ ಬೇಡ. ಹೆಂಡತಿಗೆ ಸೆಳವಿದ್ದರೆ ಸೌದೆ ಒಲೆಯ ಮುಂದೆ ಅವಳೊಬ್ಬಳನ್ನೇ ಬಿಡದೆ ಗಂಡನೋ ಅತ್ತೆಯೋ ಜೊತೆಗಿರಲಿ. ಸ್ವಲ್ಪ ದಿನ ಗಂಡನೇ ಮುದ್ದೆ ತೊಳಸಿದರೆ ಮರ್ಯಾದೆಗೇನೂ ಕುಂದಿಲ್ಲ. ಕಂಕುಳ ಕೂಸಿದ್ದರೆ ನೆಲದ ಮೇಲೆ ಕುಳಿತು ಹಾಲೂಡಿಸಬೇಕು. ಕೂಸನ್ನು ಕಾಲಮೇಲೆ ಹಾಕಿಕೊಂಡು ಎರೆಯುವ ಕೆಲಸವನ್ನು ಮನೆಯ ಬೇರೊಬ್ಬರು ವಹಿಸಿಕೊಳ್ಳಬೇಕು.

ಸೆಳವು ಬಂದಾಗ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತುರುಕುವುದು, ನೀರು ಕುಡಿಸುವುದು, ಇವೆಲ್ಲ ನಿಷ್ಪ್ರಯೋಜಕ. ಕೆಲವು ಅಪಾಯಕಾರಿಯೂ ಹೌದು. ಸುತ್ತಲಿನ ಕಲ್ಲು ಕಟ್ಟಿಗೆಗಳನ್ನು ಸರಿಸಿ, ತಲೆಯ ಕೆಳಗೆ ಬಟ್ಟೆ ಇಟ್ಟು, ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿರಿ. ಬಹಳಷ್ಟು ಸೆಳವುಗಳು ಎರಡು ಮೂರು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ಆಮೇಲೆ ರೋಗಿ ಮಂಕಾಗಿ ಮಲಗುವುದು ಸಹಜ.

ಗಂಡಹೆಂಡಿರ ನಡುವೆ

ಕಾಯುವ ದಿನಗಳ ನಿಜವಾದ ಭಾರ ರಾತ್ರಿಯ ಹೊತ್ತಿನಲ್ಲಿ ತಿಳಿಯುತ್ತದೆ. ಒಬ್ಬರು ಮಲಗಿದ್ದಾರೆ, ಇನ್ನೊಬ್ಬರು ಅವರ ಉಸಿರನ್ನೇ ಕೇಳುತ್ತ ಎದ್ದಿದ್ದಾರೆ. ರೋಗಿ ತನ್ನ ಹೆದರಿಕೆಯನ್ನು ಹೇಳಿದರೆ ಮನೆಯವರು ಕುಗ್ಗಿಯಾರೆಂದು ಬಾಯಿ ಬಿಡುವುದಿಲ್ಲ. ಮನೆಯವರು ತಮ್ಮ ಹೆದರಿಕೆಯನ್ನು ತೋರಿಸಿದರೆ ರೋಗಿ ಕುಗ್ಗಿಯಾರೆಂದು ಮರೆಮಾಡುತ್ತಾರೆ. ಹೀಗೆ ಒಂದೇ ಕಂಬಳಿಯ ಕೆಳಗೆ ಇಬ್ಬರೂ ಬೇರೆಬೇರೆಯಾಗಿ ನರಳುತ್ತಾರೆ. ದಿನದಲ್ಲಿ ಒಂದು ಹೊತ್ತನ್ನು, ರಾತ್ರಿ ಊಟವಾದ ಮೇಲಿನ ಕಾಲು ಗಂಟೆಯೇ ಆಗಲಿ, ಈ ಮಾತಿಗಾಗಿ ಇಟ್ಟುಕೊಳ್ಳಿರಿ. ಉಳಿದ ಹೊತ್ತು ಮಳೆ, ಬೆಳೆ, ಮಕ್ಕಳ ಶಾಲೆಯ ಮಾತಾಡಿರಿ. ರೋಗಿಗೆ ಕೈಲಾದ ಕೆಲಸ ಕೊಡಬೇಕು. ಮೂಲೆಯಲ್ಲಿ ಕೂರಿಸಿ ‘ಪಾಪ’ ಎನ್ನುವುದರಿಂದ ಮನಸ್ಸು ಇನ್ನಷ್ಟು ಸೋಲುತ್ತದೆ. ದುಃಖ ತಡೆಯಲಾರದಾದಾಗ 14416 ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲಿಯೇ ಸಮಾಧಾನ ಮತ್ತು ಸಲಹೆ ಉಚಿತವಾಗಿ ದೊರೆಯುತ್ತದೆ. ಟೆಲಿ-ಮನಸ್ ಎಂಬ ಈ ಸೇವೆ 2022ರಲ್ಲಿ ಆರಂಭವಾಯಿತು.

ಕೇಳಲು ಸಂಕೋಚಪಡುವ ಒಂದು ಪ್ರಶ್ನೆಗೆ ಇಲ್ಲಿಯೇ ಉತ್ತರ ಕೊಡುವುದು ಒಳ್ಳೆಯದು. ವೈದ್ಯರು ಬೇರೆ ಹೇಳದ ಹೊರತು, ದಾಂಪತ್ಯ ಸಂಬಂಧದಿಂದ ಗುಳ್ಳೆ ಒಡೆಯುವುದಿಲ್ಲ, ಕಾಯಿಲೆ ಜೊತೆಗಾರರಿಗೆ ಅಂಟುವುದೂ ಇಲ್ಲ.

ಆದರೆ ಗರ್ಭಧಾರಣೆಯ ವಿಷಯದಲ್ಲಿ ಮುಂದಾಲೋಚನೆ ಅತ್ಯಗತ್ಯ. ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಸೇವಿಸುವ ಮಹಿಳೆಯಲ್ಲಿ ಮಾಲಾ-ಎನ್‌ನಂಥ ಗರ್ಭನಿರೋಧಕ ಗುಳಿಗೆಯ ಶಕ್ತಿ ಕುಂದುತ್ತದೆ. ಗುಳಿಗೆಯನ್ನು ತಪ್ಪದೆ ನುಂಗಿಯೂ ಬಸಿರಾಗುವುದುಂಟು. ವಂಕಿ ಅಥವಾ ಕಾಪರ್-ಟಿ, ನಿರೋಧ್, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಇವುಗಳಿಗೆ ಆ ಮಾತ್ರೆಗಳಿಂದ ಬಾಧೆಯಿಲ್ಲ. ಮಕ್ಕಳು ಸಾಕೆಂದಿರುವ ದಂಪತಿಗಳಲ್ಲಿ ಹೆಂಡತಿ ರೋಗಿಯಾಗಿದ್ದರೆ ಗಂಡನೇ ಸರಳವಾದ ಪುರುಷ ಶಸ್ತ್ರಚಿಕಿತ್ಸೆಗೆ ಮುಂದಾಗುವುದು ವಿವೇಕ. ಗಂಡಸರು ಈ ಮಾತನ್ನು ಕೇಳಿ ನಕ್ಕು ಎದ್ದುಹೋಗುವುದನ್ನು ನಾವು ಕಂಡಿದ್ದೇವೆ. ಆದರೂ ಹೇಳುವುದನ್ನು ಬಿಡುವುದಿಲ್ಲ.

ವಾಲ್‌ಪ್ರೊಯೇಟ್ ಎಂಬ ಮಾತ್ರೆ ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲದು. ಮಗು ಬೇಕೆಂದಿರುವ ಮಹಿಳೆ ಅದನ್ನು ಸೇವಿಸುತ್ತಿದ್ದರೆ ಬಸಿರಾಗುವುದಕ್ಕೆ ಮುಂಚೆಯೇ ವೈದ್ಯರೊಡನೆ ಮಾತನಾಡಿ ಬದಲಾಯಿಸಿಕೊಳ್ಳಬೇಕು, ಫೋಲಿಕ್ ಆಮ್ಲದ ಮಾತ್ರೆಯನ್ನೂ ಆರಂಭಿಸಬೇಕು. ಈಗಾಗಲೇ ಬಸಿರಾಗಿದ್ದರೆ ಹೆದರಿ ತಾನಾಗಿಯೇ ಮಾತ್ರೆ ನಿಲ್ಲಿಸಕೂಡದು. ಸೆಳವೂ ಶಿಶುವಿಗೆ ಅಪಾಯವೇ. ಅಂದೇ ಆಸ್ಪತ್ರೆಗೆ ಹೋಗಬೇಕು. ಮುಟ್ಟು ನಿಂತಿದ್ದರೆ ಸ್ಕ್ಯಾನಿಗೂ ಹುಳುವಿನ ಔಷಧಿಗೂ ಮೊದಲು ಆ ಸಂಗತಿಯನ್ನು ಬಾಯಿಬಿಟ್ಟು ಹೇಳಬೇಕು.

ಇನ್ನು ತವರಿಗೆ ಅಟ್ಟುವ ಮಾತು. ಸೆಳವು ಬಂತೆಂದು ಹೆಂಡತಿಯನ್ನು ತವರಿಗೆ ಕಳುಹಿಸಿ, ಸೋಡಚೀಟಿ ಕೇಳುವ ಕುಟುಂಬಗಳು ಇಲ್ಲದಿಲ್ಲ. ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯೆಂದು ಸೇರಿಸಿದ್ದ ಮಾತನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಕಾನೂನೇ ಕೈಬಿಟ್ಟ ಕಳಂಕವನ್ನು ಮನೆಯವರು ಹೊತ್ತು ತಿರುಗುವುದೇಕೆ? ದೇವಸ್ಥಾನಕ್ಕೆ ಹೋಗಿ ಹರಕೆ ಹೊರುವುದನ್ನು ನಾವು ಬೇಡವೆನ್ನುವುದಿಲ್ಲ. ಬರೆ ಹಾಕಿಸುವುದನ್ನೂ, ‘ಮಾತ್ರೆ ಬಿಟ್ಟರೆ ಮಾತ್ರ ತಾಯಿತ ಕಟ್ಟುತ್ತೇನೆ’ ಎನ್ನುವವರನ್ನೂ ಖಂಡಿತವಾಗಿ ದೂರವಿಡಿ.

ತಡಮಾಡದೆ ಹೊರಡಬೇಕಾದಾಗ

ಕಾಯಿರೆಂದು ಹೇಳಿದ್ದಾರೆಂಬ ಕಾರಣಕ್ಕೆ ಎಲ್ಲಕ್ಕೂ ಕಾಯಬಾರದು. ಸೆಳವು 5 ನಿಮಿಷ ಮೀರಿದರೆ, ಅಥವಾ ಎಚ್ಚರ ಬರುವುದರೊಳಗೆ ಮತ್ತೊಂದು ಬಂದರೆ, ಕೂಡಲೇ 108ಕ್ಕೆ ಕರೆ ಮಾಡಿ. ದಿನೇ ದಿನೇ ಹೆಚ್ಚುವ ತಲೆನೋವು, ಅದರಲ್ಲೂ ಬೆಳಗಿನ ಜಾವದ ತಲೆನೋವಿನೊಡನೆ ವಾಂತಿ, ಎಬ್ಬಿಸಿದರೂ ಏಳದಷ್ಟು ಮಂಪರು, ಒಂದು ವಸ್ತು ಎರಡಾಗಿ ಕಾಣುವುದು ಅಥವಾ ದೃಷ್ಟಿ ಮಸುಕಾಗುವುದು, ಒಂದು ಪಕ್ಕದ ಕೈಕಾಲು ಸೋಲುವುದು, ಮಾತು ತೊದಲುವುದು, ಜ್ವರದೊಡನೆ ಕುತ್ತಿಗೆ ಬಿಗಿಯುವುದು, ಇವುಗಳಲ್ಲಿ ಯಾವುದು ಕಂಡರೂ ಗೊತ್ತಾದ ತಾರೀಖಿಗೆ ಕಾಯದೆ ಅಂದೇ ಹೊರಡಬೇಕು. ನಿಮ್ಹಾನ್ಸ್‌ನ ತುರ್ತು ಚಿಕಿತ್ಸಾ ವಿಭಾಗ ಹಗಲಿರುಳೂ ತೆರೆದಿರುತ್ತದೆ. ಅದು ದೂರವಾದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮೊದಲು ಹೋಗಿ. ಈ ಭಾಗದವರಿಗೆ ಕೃಷ್ಣರಾಜಪುರದ ಆಸ್ಪತ್ರೆ, ಇಂದಿರಾನಗರದ ಸರ್ ಸಿ. ವಿ. ರಾಮನ್ ಆಸ್ಪತ್ರೆ ಸಮೀಪದವು.

ಗೊತ್ತಾದ ದಿನ ಬಂದಾಗ

ಹಣದ ಮಾತನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿರಿ. ಸುದ್ದಿ ಕೇಳಿದ ವಾರದಲ್ಲಿಯೇ ಹಸು ಮಾರಿ, ಬಡ್ಡಿಗೆ ಸಾಲ ತಂದು, ಖಾಸಗಿಯಲ್ಲಿ ಅದೇ ಸ್ಕ್ಯಾನನ್ನು ಮತ್ತೊಮ್ಮೆ ಮಾಡಿಸುವವರನ್ನು ಕಂಡರೆ ಮರುಕವಾಗುತ್ತದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಜಾರಿಯಲ್ಲಿದೆ. ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ಅದರಲ್ಲಿ ಸೇರಿದೆ. ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿರಲಿ. ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕಾಗುವುದರಿಂದ ಆಶಾ ಕಾರ್ಯಕರ್ತೆಯ ಮೂಲಕ ನಿಮ್ಮ ಆರೋಗ್ಯ ಕೇಂದ್ರದಲ್ಲಿ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಹೋಗುವಾಗ ಇಬ್ಬರೂ ಹೋಗಿರಿ. ಸೆಳವು ಬಂದವರಿಗೆ ತಮ್ಮ ಸೆಳವು ಹೇಗಿತ್ತೆಂದು ತಿಳಿದಿರುವುದಿಲ್ಲ. ಕಂಡವರೇ ಹೇಳಬೇಕು. ಮೊದಲು ಯಾವ ಕೈ ಅದುರಿತು, ಕಣ್ಣು ಯಾವ ಕಡೆಗೆ ತಿರುಗಿತು, ಎಷ್ಟು ಹೊತ್ತು ಇತ್ತು ಎಂಬ ವಿವರ ವೈದ್ಯರಿಗೆ ಬಹು ಉಪಯುಕ್ತ. ಹಳೆಯ ಸ್ಕ್ಯಾನಿನ ಫಿಲ್ಮುಗಳನ್ನು ಮಡಿಸದೆ, ಒದ್ದೆಯಾಗದಂತೆ, ಚಪ್ಪಟೆಯಾಗಿ ಚೀಲದಲ್ಲಿ ತನ್ನಿರಿ. ಅವಿಲ್ಲದೆ ಗುಳ್ಳೆ ಕುಗ್ಗಿದೆಯೋ ಬೆಳೆದಿದೆಯೋ ಹೇಳಲಾಗದು. ಆ ದಿನದ ಬೆಳಗಿನ ಮಾತ್ರೆಯನ್ನು ತಪ್ಪಿಸಬೇಡಿ. ಹಸಿದು ಬರಬೇಕೆಂದು ಹೇಳಿದ್ದರೂ ಸೆಳವಿನ ಮಾತ್ರೆಯನ್ನು ನುಂಗಬಹುದೇ ಎಂದು ಮುಂಚಿತವಾಗಿಯೇ ಕೇಳಿಟ್ಟುಕೊಳ್ಳಿರಿ. ಸಂಜೆಯ ಮಾತ್ರೆಯನ್ನೂ ಜೊತೆಗೆ ಕಟ್ಟಿಕೊಳ್ಳಿರಿ, ಏಕೆಂದರೆ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಬಸ್ಸು ಎಷ್ಟು ಹೊತ್ತಿಗೆ ಮಾರತ್ತಹಳ್ಳಿಯನ್ನು ಮುಟ್ಟುವುದೆಂದು ಯಾರೂ ಹೇಳಲಾರರು.